ಅರೆತಲೆನೋವಿನ ಮಕ್ಕಳೂ ನಮ್ಮ ಪಾಠಶಾಲೆಗಳೂ

ಬಹಳ ವರ್ಷಗಳ ಹಿಂದಿನ ಮಾತು. ನಾನು ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ, ಒಂದು ಶುಕ್ರವಾರ, ಊಟದ ಬಿಡುವಿಗೆ ಮುಂಚಿನ ಪಿರಿಯಡ್ಡಿನಲ್ಲಿ, ಎಂಟನೆಯ ತರಗತಿಯ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಬೋರ್ಡಿನ ಮೇಲೆ ಬಲಗಡೆ ಅಕ್ಷರ ಕಾಣ್ತಾ ಇಲ್ಲ” ಎಂದಳು. ಬಿಸಿಲು ಬಿದ್ದು ಬೋರ್ಡು ಹೊಳೆಯುತ್ತಿರಬೇಕೆಂದು ಬಗೆದು ನಾನು ಕಿಟಕಿಯನ್ನು ಮುಚ್ಚಿಸಿ ಪಾಠವನ್ನು ಮುಂದುವರಿಸಿದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವಳು, ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು ಇನ್ನೂ ಆರದಿದ್ದ ಒದ್ದೆ ಜಡೆ ಬೆನ್ನ ಮೇಲೆ ಇಳಿಬಿದ್ದಿರಲು, ಹಣೆಯನ್ನು ಬೆಂಚಿನ ತಣ್ಣನೆಯ ಕಬ್ಬಿಣದ ಪಟ್ಟಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿದ್ದರೆ ಮುಖ ತೊಳೆದುಕೊಂಡು ಬಾರಮ್ಮ ಎಂದೆ. ಎದ್ದು ಬಾಗಿಲವರೆಗೆ ಹೋದವಳು ಅಲ್ಲಿಯೇ ವಾಂತಿ ಮಾಡಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಕೆಲವು ತಿಂಗಳ ಮೇಲೆ ಅವಳ ತಂದೆ ವೈದ್ಯರ ಚೀಟಿಯನ್ನು ಹಿಡಿದುಕೊಂಡು ಬಂದು, ಇದು ಅರೆತಲೆನೋವೆಂದೂ, ಅವಳ ತಾಯಿಗೂ ಅಜ್ಜಿಗೂ ಇದೇ ಬೇನೆಯಿದ್ದಿತೆಂದೂ ತಿಳಿಸಿದಾಗ, ಆ ದಿನ ಅವಳು ಹೇಳಿದ ಮಾತು ರೋಗಲಕ್ಷಣದ ಯಥಾವತ್ತಾದ ವರ್ಣನೆಯಾಗಿತ್ತೆಂಬುದನ್ನು ನಾನು ಅರಿತೆನು. ನೋವು ಮೊದಲಾಗುವುದಕ್ಕೆ ಮುಂಚೆ ದೃಷ್ಟಿಕ್ಷೇತ್ರದ ಒಂದು ಭಾಗ ಮಸುಕಾಗುವುದು, ಅಂಕುಡೊಂಕಾದ ಮಿಂಚುಗೆರೆಗಳು ಕಾಣುವುದು, ಅಕ್ಷರಗಳು ಅರ್ಧಕ್ಕೆ ಕಡಿದು ಹೋದಂತಾಗುವುದು ಈ ವ್ಯಾಧಿಯ ಪೂರ್ವಸೂಚನೆಗಳಲ್ಲಿ ಸುಪ್ರಸಿದ್ಧವಾದವು. ಹುಡುಗಿ ಸಕಾಲದಲ್ಲಿ ಎಚ್ಚರಿಕೆ ಕೊಟ್ಟಿದ್ದಳು. ಕೇಳಿಸಿಕೊಳ್ಳುವ ವಿದ್ಯೆ ನನಗೆ ತಿಳಿದಿರಲಿಲ್ಲ. ಅಂದಿನಿಂದ ಈ ವಿಷಯವಾಗಿ ಓದಿದ್ದನ್ನೂ, ವೈದ್ಯಮಿತ್ರರಿಂದ ಕೇಳಿದ್ದನ್ನೂ, ತರಗತಿಗಳಲ್ಲಿ ಕಂಡದ್ದನ್ನೂ ಒಂದೆಡೆ ಕೂಡಿಸಿ ಉಪಾಧ್ಯಾಯರ ಮತ್ತು ತಂದೆತಾಯಿಗಳ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ವ್ಯಾಧಿಯು ಹೊಸದಲ್ಲ. ನಮ್ಮ ಆಯುರ್ವೇದದ ಆಚಾರ್ಯರು ಶಿರೋರೋಗಗಳನ್ನು ಎಣಿಸುವಾಗ ‘ಅರ್ಧಾವಭೇದಕ’ವೆಂದು, ಅಂದರೆ ತಲೆಯ ಅರ್ಧವನ್ನು ಸೀಳುವಂಥದೆಂದು, ಇದಕ್ಕೆ ಹೆಸರಿಟ್ಟರು, ಹೊತ್ತು ಏರಿದಂತೆ ಏರುವ ತಲೆಶೂಲೆಯನ್ನು ‘ಸೂರ್ಯಾವರ್ತ’ವೆಂದು ಬೇರೆಯಾಗಿ ಹೇಳಿದರು. ಗ್ರೀಕ್ ವೈದ್ಯನಾದ ಗೇಲನ್ ಬಳಸಿದ ‘ಅರ್ಧಕಪಾಲ’ವೆಂಬ ಅರ್ಥದ ಮಾತೇ ಸವೆದು ಸವೆದು ಫ್ರೆಂಚರ ಮುಖಾಂತರ ‘ಮೈಗ್ರೇನ್’ ಎಂದಾಗಿ ಈಗ ನಮ್ಮ ಔಷಧದಂಗಡಿಗಳವರೆಗೂ ಬಂದಿದೆ. ಆದರೆ ನಮ್ಮ ಮನೆಗಳಲ್ಲಿ ಮಗುವಿನ ತಲೆನೋವಿಗೆ ಈ ಹೆಸರುಗಳು ಬೀಳುವುದು ಅಪರೂಪ. ವಾಂತಿಯಾಯಿತೆಂದರೆ ಪಿತ್ತವೆನ್ನುತ್ತೇವೆ, ಹಣೆ ಹಿಡಿದುಕೊಂಡರೆ ಸೈನಸ್ ಎನ್ನುತ್ತೇವೆ, ಪುಸ್ತಕ ಹಿಡಿದಾಗ ಬಂದರೆ ಕಣ್ಣಿನ ದೋಷವೆಂದು ಕನ್ನಡಕ ಮಾಡಿಸುತ್ತೇವೆ, ಜಾತ್ರೆಯಿಂದಲೋ ಮದುವೆಮನೆಯಿಂದಲೋ ಬಂದ ಮೇಲೆ ಕಾಣಿಸಿಕೊಂಡರೆ ದೃಷ್ಟಿ ತೆಗೆಯುತ್ತೇವೆ. ಇವೆಲ್ಲವೂ ಮುಗಿದ ಮೇಲೂ ನೋವು ಮತ್ತೆ ಮತ್ತೆ ಬಂದಾಗ, ಅದೂ ಪರೀಕ್ಷೆಯ ಬೆಳಗ್ಗೆಯೇ ಬಂದಾಗ, ಉಳಿಯುವ ಹೆಸರು ಒಂದೇ: ನೆಪ.

ಅರೆತಲೆನೋವೆಂಬ ಹೆಸರೇ ಮಕ್ಕಳ ವಿಷಯದಲ್ಲಿ ನಮ್ಮನ್ನು ತಪ್ಪುದಾರಿಗೆ ಎಳೆಯುವುದುಂಟು. ದೊಡ್ಡವರಲ್ಲಿ ನೋವು ಬಹುಮಟ್ಟಿಗೆ ಒಂದು ಪಕ್ಕಕ್ಕೆ ಹಿಡಿದರೆ, ಮಕ್ಕಳಲ್ಲಿ ಅದು ಹಣೆಯ ಎರಡು ಪಕ್ಕಕ್ಕೂ ಕಪಾಲಗಳಿಗೂ ವ್ಯಾಪಿಸಿರುವುದೇ ಹೆಚ್ಚು. ದೊಡ್ಡವರಲ್ಲಿ ಚಿಕಿತ್ಸೆಯಿಲ್ಲದೆ ಬಿಟ್ಟರೆ 4 ಗಂಟೆಯಿಂದ 72 ಗಂಟೆಯವರೆಗೆ ಇರುವ ಪೀಡೆಯು, ಮಕ್ಕಳಲ್ಲಿ 2 ಗಂಟೆಯಲ್ಲಿಯೇ ಇಳಿದುಹೋಗಬಹುದೆಂದು ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದ 2018ರ ಆವೃತ್ತಿಯು ಅಂಗೀಕರಿಸಿದೆ. ಈ ಅಲ್ಪಕಾಲಿಕತೆಯೇ ಮಗುವಿಗೆ ಮುಳುವಾಗುತ್ತದೆ. ಹನ್ನೊಂದು ಗಂಟೆಗೆ ಮುಖ ಬಿಳಿಚಿಕೊಂಡು ಮಲಗಿದ್ದ ಹುಡುಗನು ಎರಡು ಗಂಟೆಗೆ ನಿದ್ದೆಯಿಂದೆದ್ದು ಹಸಿವೆಂದು ಹೇಳಿ, ನಾಲ್ಕಕ್ಕೆ ಆಟದ ಬಯಲಿನಲ್ಲಿ ಓಡುತ್ತಿರುವುದನ್ನು ಕಂಡವರು, ಬೆಳಗಿನದು ನಟನೆಯೆಂದು ತೀರ್ಮಾನಿಸದಿರುವುದು ಕಷ್ಟ. ಆದರೆ ನಿದ್ದೆಯಿಂದ ಪೂರ್ತಿಯಾಗಿ ಶಮನವಾಗುವುದು ಬಾಲ್ಯದ ಅರೆತಲೆನೋವಿನ ಸ್ವಭಾವವೇ ಆಗಿದೆ. ಬೆಳಕನ್ನೂ ಸದ್ದನ್ನೂ ಸಹಿಸಲಾಗದೆಂದು ಚಿಕ್ಕ ಮಕ್ಕಳು ಬಾಯಿಬಿಟ್ಟು ಹೇಳಲಾರರಾದುದರಿಂದ, ಅವರ ನಡತೆಯಿಂದಲೇ ಅದನ್ನು ಊಹಿಸಿಕೊಳ್ಳಬಹುದೆಂದು ಅದೇ ವರ್ಗೀಕರಣವು ಹೇಳುತ್ತದೆ. ಕಿವಿ ಮುಚ್ಚಿಕೊಳ್ಳುವುದು, ಕಿಟಕಿಗೆ ಬೆನ್ನು ತಿರುಗಿಸುವುದು, ಆಟವನ್ನು ಬಿಟ್ಟು ಮೂಲೆ ಸೇರುವುದು, ಇವೇ ಆ ಮಗುವಿನ ಭಾಷೆ. ಇನ್ನೂ ಚಿಕ್ಕವರಲ್ಲಿ ತಲೆ ನೋಯದೆಯೇ ಹೊಟ್ಟೆನೋವಾಗಿಯೋ, ಆವರ್ತಿಸಿ ಬರುವ ವಾಂತಿಯಾಗಿಯೋ, ತಲೆಸುತ್ತಾಗಿಯೋ ಇದು ಮುಖ ತೋರಿಸಿ, ವರ್ಷಗಳ ಮೇಲೆ ತನ್ನ ನಿಜರೂಪವನ್ನು ತಾಳುವುದೂ ಉಂಟು.

ಇಂಥ ಮಕ್ಕಳು ಎಷ್ಟು ಮಂದಿ? ಈ ಪ್ರಶ್ನೆಗೆ ಕ್ರಮವಾಗಿ ಉತ್ತರ ಹುಡುಕಿದ ಮೊದಲಿಗರಲ್ಲಿ ಒಬ್ಬರು ಸ್ವೀಡನ್ನಿನ ಮಕ್ಕಳ ವೈದ್ಯರಾದ ಬೂ ಬಿಲ್ಲೆಯವರು. ಉಪ್ಸಾಲಾ ನಗರದ 7ರಿಂದ 15 ವರ್ಷದ ಸುಮಾರು 9,000 ಶಾಲಾಮಕ್ಕಳನ್ನು ವಿಚಾರಿಸಿ 1962ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಪ್ರಕಾರ, ಏಳನೆಯ ವಯಸ್ಸಿನಲ್ಲಿ ನೂರಕ್ಕೆ 1.4ರಷ್ಟಿದ್ದ ಪ್ರಮಾಣವು ಹದಿನೈದನೆಯ ವಯಸ್ಸಿಗೆ 5.3ಕ್ಕೆ ಏರಿತ್ತು. ಅವರು ಅಷ್ಟಕ್ಕೆ ನಿಲ್ಲಲಿಲ್ಲ. ತೀವ್ರವಾಗಿ ಬಳಲುತ್ತಿದ್ದ 73 ಮಕ್ಕಳನ್ನು ನಲವತ್ತು ವರ್ಷಗಳ ಕಾಲ ಬಿಡದೆ ಅನುಸರಿಸಿ ನೋಡಿ, ಐವತ್ತನೆಯ ವಯಸ್ಸಿನ ಸುಮಾರಿಗೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬೇನೆ ಇನ್ನೂ ಉಳಿದಿತ್ತೆಂದು 1997ರಲ್ಲಿ ವರದಿಯಿತ್ತರು. ಶಾಲಾಮಕ್ಕಳನ್ನು ಅವರ ನಡುವಯಸ್ಸಿನವರೆಗೆ ಹಿಂಬಾಲಿಸಿದ ಆ ತಾಳ್ಮೆಗೆ ನಾನು ಮನಸಾ ನಮಿಸುತ್ತೇನೆ. ಮುಂದೆ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಸಮೀಕ್ಷೆಯು 5ರಿಂದ 15 ವರ್ಷದ ಮಕ್ಕಳಲ್ಲಿ ನೂರಕ್ಕೆ 10.6ರಷ್ಟು ಮಂದಿಗೆ ಅರೆತಲೆನೋವಿರುವುದನ್ನು ಕಂಡುಕೊಂಡಿತು. ಈ ಮಕ್ಕಳು ಎಲ್ಲ ಬಗೆಯ ಅಸ್ವಾಸ್ಥ್ಯಗಳಿಂದ ವರ್ಷಕ್ಕೆ ಸರಾಸರಿ 7.8 ಶಾಲಾದಿನಗಳನ್ನು ಕಳೆದುಕೊಂಡರೆ ಉಳಿದವರು 3.7 ದಿನಗಳನ್ನು ಮಾತ್ರ ಕಳೆದುಕೊಳ್ಳುತ್ತಿದ್ದರು. ಹಲವು ದೇಶಗಳ 50 ಸಮೀಕ್ಷೆಗಳನ್ನು 2010ರಲ್ಲಿ ಒಟ್ಟುಗೂಡಿಸಿದಾಗ ದೊರೆತ ಸರಾಸರಿ ನೂರಕ್ಕೆ 7.7. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬೆಂಗಳೂರು ಮತ್ತು ಅದರ ಸುತ್ತಣ ಹಳ್ಳಿಗಳಲ್ಲಿ 18ರಿಂದ 65 ವರ್ಷದ ವಯಸ್ಕರನ್ನು ವಿಚಾರಿಸಿದಾಗ, ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ 25ರಷ್ಟು ಮಂದಿಗೆ ಅರೆತಲೆನೋವು ಬಂದಿದ್ದುದು ಗೊತ್ತಾಯಿತು. ಈ ವ್ಯಾಧಿಯು ವಂಶಾನುಗತವಾಗಿ ಹರಿಯತಕ್ಕದ್ದೆಂಬುದನ್ನು ನೆನೆದರೆ, ನಲವತ್ತು ಮಕ್ಕಳ ನಮ್ಮ ಒಂದು ತರಗತಿಯಲ್ಲಿ ಇಬ್ಬರೋ ಮೂವರೋ ಇದ್ದಾರೆಂದು ಭಾವಿಸುವುದು ಅತಿಶಯವಾಗದು. ಮೈನೆರೆಯುವ ಮುನ್ನ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಸರಿಸುಮಾರಾಗಿ ಸಮನಾಗಿದ್ದು, ಆಮೇಲೆ ಹೆಣ್ಣುಮಕ್ಕಳ ಸಂಖ್ಯೆ ಎರಡು ಮೂರು ಪಟ್ಟು ಮಿಗಿಲಾಗುತ್ತದೆ. ಅಂದರೆ ಎಂಟು, ಒಂಬತ್ತು, ಹತ್ತನೆಯ ತರಗತಿಗಳಲ್ಲಿ, ಓದಿನ ಒತ್ತಡ ಹೆಚ್ಚುವ ಹೊತ್ತಿನಲ್ಲೇ, ಬಾಲಕಿಯರ ಮೇಲೆ ಇದರ ಭಾರವೂ ಹೆಚ್ಚುತ್ತದೆ.

ಒಳಗೆ ನಡೆಯುವುದೇನೆಂಬುದನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಬ್ರೆಜಿಲಿನ ವಿಜ್ಞಾನಿ ಲಿಯಾವ್ 1944ರಲ್ಲಿ, ಮಿದುಳಿನ ಮೇಲ್ಪದರದಲ್ಲಿ ವಿದ್ಯುಚ್ಚಟುವಟಿಕೆ ತಗ್ಗಿದ ಒಂದು ಅಲೆಯು, ನೀರಿನಲ್ಲಿ ಉಂಗುರ ಹಬ್ಬುವಂತೆ, ಮೆಲ್ಲನೆ ಹಬ್ಬಿ ಹೋಗುವುದನ್ನು ಪ್ರಾಣಿಗಳಲ್ಲಿ ಕಂಡು ಪ್ರಕಟಿಸಿದನು. ಕಣ್ಣಮುಂದೆ ಮಿಂಚುಗೆರೆ ಹರಿದಾಡುವುದಕ್ಕೆ ಅಂಥ ಅಲೆಯೇ ಕಾರಣವೆಂದು ಈಗ ನಂಬಲಾಗಿದೆ. ಮುಖಕ್ಕೂ ಮಿದುಳಿನ ಹೊದಿಕೆಗೂ ಸಂವೇದನೆಯನ್ನು ಒದಗಿಸುವ ನರವು ಕೆರಳಿ, ಕೆಲವು ರಾಸಾಯನಿಕಗಳು ಸ್ರವಿಸಿ, ಹೊಡೆದುಕೊಳ್ಳುವಂಥ ನೋವೂ ಓಕರಿಕೆಯೂ ಹುಟ್ಟುತ್ತವೆ. ಹೊರಗಿನಿಂದ ಜ್ವರವಿಲ್ಲ, ಗಾಯವಿಲ್ಲ, ಊತವಿಲ್ಲ. ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿದೆ. ಉಪಾಧ್ಯಾಯನಿಗೆ ತೋರಿಸಲು ಮಗುವಿನ ಬಳಿ ತನ್ನ ಮಾತನ್ನುಳಿದು ಬೇರೆ ಸಾಕ್ಷ್ಯವಿಲ್ಲ.

ಮಾತೂ ಸಾಲದಾದಾಗ ಚಿತ್ರ ಒದಗುತ್ತದೆಂಬುದನ್ನು ಅಮೆರಿಕದ ವೈದ್ಯರು 2002ರಲ್ಲಿ ತೋರಿಸಿಕೊಟ್ಟರು. ತಲೆನೋವೆಂದು ಬಂದ 226 ಮಕ್ಕಳ ಕೈಗೆ ಕಾಗದ, ಪೆನ್ಸಿಲು ಕೊಟ್ಟು, ನಿನ್ನ ತಲೆನೋವು ಹೇಗಿರುತ್ತದೆಂಬುದನ್ನು ಬರೆದು ತೋರಿಸೆಂದು ಕೇಳಿ, ಆ ಚಿತ್ರಗಳನ್ನು ಮಾತ್ರ ನೋಡಿ ರೋಗವನ್ನು ಊಹಿಸಿದಾಗ, ಅರೆತಲೆನೋವೆಂದು ಚಿತ್ರದಿಂದ ತೀರ್ಮಾನಿಸಿದವುಗಳಲ್ಲಿ ನೂರಕ್ಕೆ 87ರಷ್ಟು ಅನಂತರದ ವೈದ್ಯಕೀಯ ತೀರ್ಮಾನಕ್ಕೆ ತಾಳೆಯಾದವು. ಈ ಉಪಾಯವನ್ನು ನಾನೂ ಒಂದೆರಡು ಬಾರಿ ಅನುಸರಿಸಿದ್ದುಂಟು. ಆರನೆಯ ತರಗತಿಯ ಹುಡುಗನೊಬ್ಬನು ದುಂಡನೆಯ ಒಂದು ಮುಖವನ್ನು ಬರೆದು, ಎರಡೂ ಕಪಾಲಗಳ ಮೇಲೆ ಒಂದೊಂದು ಸುತ್ತಿಗೆಯನ್ನಿಟ್ಟು, ಕಣ್ಣಿನ ಜಾಗದಲ್ಲಿ ಗೆರೆಗಳನ್ನು ಎಳೆದು ಮುಚ್ಚಿ, ಮೇಲುಗಡೆ ಟ್ಯೂಬ್‌ಲೈಟನ್ನು ಬರೆದು ಅದರ ಮೇಲೆ ಕಾಗದ ಹರಿಯುವ ಹಾಗೆ ಅಡ್ಡಗೀಟು ಹಾಕಿದನು. ನೆಪ ಹೇಳುವ ಮಗುವಿಗೆ ಆ ಅಡ್ಡಗೀಟು ತೋಚಲಾರದು.

ಇನ್ನು ಶಾಲೆಯ ದಿನಚರಿಯನ್ನೇ ಈ ಮಗುವಿನ ದೃಷ್ಟಿಯಿಂದ ನೋಡೋಣ. ದೂರದ ಹಳ್ಳಿಯಿಂದ ಬರುವವನು ಬಸ್ಸಿಗೆ ಹೊತ್ತಾಯಿತೆಂದು ತಿಂಡಿ ತಿನ್ನದೆ ಬರುತ್ತಾನೆ. ಹಸಿವು ಅರೆತಲೆನೋವನ್ನು ಕೆರಳಿಸುವ ಕಾರಣಗಳಲ್ಲಿ ಅಗ್ರಗಣ್ಯವಾದದ್ದು. ಬಸ್ಸಿನ ಓಲಾಟವು, ಅದರಲ್ಲಿಯೂ ಘಟ್ಟದ ತಿರುವುಗಳ ದಾರಿಯಾದರೆ, ಈ ಮಕ್ಕಳಿಗೆ ಉಳಿದವರಿಗಿಂತ ಹೆಚ್ಚಾಗಿ ವಾಕರಿಕೆಯನ್ನು ತರುತ್ತದೆ. ಇಳಿದೊಡನೆ ಪ್ರಾರ್ಥನೆಯ ಸಾಲು. ಎದುರು ಬಿಸಿಲಿನಲ್ಲಿ ಕಣ್ಣು ಕಿರಿದುಮಾಡಿಕೊಂಡು ನಿಲ್ಲಬೇಕು, ಪಕ್ಕದಲ್ಲಿಯೇ ಡ್ರಮ್ಮು ಬಾರಿಸುತ್ತಾರೆ. ತರಗತಿಯಲ್ಲಿ ಮಿಣುಕುವ ಟ್ಯೂಬ್‌ಲೈಟು, ಹೊಳೆಯುವ ಬೋರ್ಡು, ಈಚೆಗೆ ಗೋಡೆಯಗಲದ ಪರದೆ. ಹತ್ತೂವರೆಗೆ ಬಿಸಿಯೂಟದ ಅಡಿಗೆಮನೆಯಿಂದ ಒಗ್ಗರಣೆಯ ಘಾಟು ಬರುವುದು ಉಳಿದವರಿಗೆ ಹಿತವಾದರೆ ಇವನಿಗೆ ಅಸಹ್ಯ. ನೋವಿಗೆಂದು ಸಹಪಾಠಿಗಳು ಪ್ರೀತಿಯಿಂದ ಹಣೆಗೆ ತಿಕ್ಕುವ ಮುಲಾಮಿನ ತೀಕ್ಷ್ಣವಾದ ವಾಸನೆಯೇ ಕೆಲವರಿಗೆ ವಾಂತಿಯನ್ನು ಬರಿಸುತ್ತದೆ.

ಸಾಕಷ್ಟು ನೀರು ಕುಡಿಯದಿರುವುದೂ ಈ ನೋವನ್ನು ಕೆರಳಿಸುವುದರಿಂದ, ನೀರಿನ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಶಾಲೆಯ ಶೌಚಾಲಯವು ಬಾಗಿಲಿಲ್ಲದ್ದೋ ನೀರಿಲ್ಲದ್ದೋ ಬೀಗ ಹಾಕಿದ್ದೋ ಆಗಿರುವ ಕಡೆಗಳಲ್ಲಿ, ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಒಂದು ಗುಟುಕು ನೀರನ್ನೂ ಕುಡಿಯದೆ ದಿನವನ್ನು ನೂಕುವುದನ್ನು ಉಪಾಧ್ಯಾಯಿನಿಯರೆಲ್ಲರೂ ಬಲ್ಲರು. ತುಂಬಿದ ಬಾಟಲಿ ತುಂಬಿದಂತೆಯೇ ಮನೆಗೆ ಮರಳುತ್ತದೆ. 2019ರಲ್ಲಿ, ಮಕ್ಕಳು ನೀರು ಕುಡಿಯಲೆಂದು ಹೊಡೆಯುವ ಕೇರಳದ ಶಾಲೆಗಳ ‘ನೀರಿನ ಗಂಟೆ’ ಸುದ್ದಿಯಾಗಿ ನಮ್ಮಲ್ಲಿಯೂ ಆ ಪದ್ಧತಿಯ ಮಾತು ನಡೆಯಿತು. ಗಂಟೆ ಹೊಡೆಯುವುದು ಒಳ್ಳೆಯದೇ. ಆದರೆ ಶೌಚಾಲಯವು ನೆಟ್ಟಗಿಲ್ಲದ ಶಾಲೆಯಲ್ಲಿ ಗಂಟೆಯ ಸದ್ದಿಗೆ ಹುಡುಗಿಯರು ನೀರು ಕುಡಿಯಲಾರರು. ಅರೆತಲೆನೋವಿನ ಚಿಕಿತ್ಸೆಯನ್ನು ಶೌಚಾಲಯದ ದುರಸ್ತಿಯಿಂದ ಆರಂಭಿಸಬೇಕೆಂದು ನಾನು ಹೇಳಿದರೆ ಅದು ವಿಷಯಾಂತರವೆಂದು ಯಾರೂ ಎಣಿಸಬಾರದು.

ಒದ್ದೆ ಕೂದಲಿನ ಮಾತೂ ಇಂಥದೇ. ತಲೆಗೆ ಸ್ನಾನ ಮಾಡಿದ ದಿನ ತಲೆನೋವು ಬರುತ್ತದೆಂದು ನಮ್ಮ ಹೆಂಗಸರು ಹೇಳುವುದನ್ನು ಪುಸ್ತಕದ ವೈದ್ಯಶಾಸ್ತ್ರವು ಬಹುಕಾಲ ಗಮನಿಸಿರಲಿಲ್ಲ. ಮುಂಬಯಿಯ ವೈದ್ಯರೊಬ್ಬರು ಇಂಥ 94 ರೋಗಿಗಳ ವೃತ್ತಾಂತವನ್ನು 2006ರಲ್ಲಿ ಪ್ರಕಟಿಸಿದ ಮೇಲೆ, ಇದು ಭಾರತೀಯರಲ್ಲಿ ಕಾಣುವ ವಿಶಿಷ್ಟವಾದ ಕಾರಣವೆಂದು ತಜ್ಞರು ಒಪ್ಪಿದರು. ಶುಕ್ರವಾರ ಬೆಳಗ್ಗೆ ತಲೆಗೆರೆದುಕೊಂಡು, ಕೂದಲು ಆರುವಷ್ಟು ಹೊತ್ತಿಲ್ಲದೆ ಒದ್ದೆಯಾಗಿಯೇ ಎರಡು ಜಡೆ ಬಿಗಿದು ರಿಬ್ಬನ್ನು ಕಟ್ಟಿಕೊಂಡು ಬರುವ ಹುಡುಗಿಯರಲ್ಲಿ, ಯಾರಿಗೆ ಇದು ಒಗ್ಗದೆಂದು ಗೊತ್ತಿದೆಯೋ ಅವರು ಶನಿವಾರ ಮಧ್ಯಾಹ್ನವೋ ಭಾನುವಾರವೋ ತಲೆಗೆರೆದುಕೊಳ್ಳುವಂತೆ ತಾಯಂದಿರು ಏರ್ಪಡಿಸಿದರೆ ಅಷ್ಟರಿಂದಲೇ ವಾರಕ್ಕೊಂದು ನೋವು ತಪ್ಪಬಹುದು.

ನಿದ್ದೆಯ ವಿಷಯದಲ್ಲಿ ಮಾತ್ರ ನಮ್ಮ ಶಾಲೆಗಳನ್ನು ಕುರಿತು ಕಠಿಣವಾಗಿಯೇ ನುಡಿಯಬೇಕಾಗಿದೆ. 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ದೆ ಬೇಕೆಂಬುದು ನಿದ್ರಾವಿಜ್ಞಾನಿಗಳ ಅಭಿಪ್ರಾಯ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಹಂಬಲದಿಂದ ಬೆಳಗ್ಗೆ ಏಳಕ್ಕೆ ವಿಶೇಷ ತರಗತಿ, ಸಂಜೆ ಏಳರವರೆಗೆ ಗುಂಪು ಅಧ್ಯಯನ, ರಾತ್ರಿ ಮೊಬೈಲಿಗೆ ಪ್ರಶ್ನೆಪತ್ರಿಕೆ, ಬೆಳಗಿನ ಜಾವ ಎಬ್ಬಿಸುವ ಕರೆ, ಇಷ್ಟನ್ನೂ ಏರ್ಪಡಿಸಿದ ಮೇಲೆ, ಫೆಬ್ರವರಿಯಲ್ಲಿ ಮಕ್ಕಳಿಗೆ ತಲೆನೋವು ಹೆಚ್ಚಿತೆಂದು ಆಶ್ಚರ್ಯಪಡುವುದು ಸಲ್ಲದು. ವಾರವೆಲ್ಲ ಐದು ಗಂಟೆ ಮಲಗಿ ಭಾನುವಾರ ಹತ್ತು ಗಂಟೆಯವರೆಗೆ ಮಲಗುವುದರಿಂದಲೂ ಪರಿಹಾರವಿಲ್ಲ. ಈ ಮಕ್ಕಳ ಮಿದುಳು ಏರುಪೇರನ್ನೇ ಸಹಿಸದು.

ಹಾಗೆಂದು ಕಾರಣಗಳ ಪಟ್ಟಿಯನ್ನು ಮಗುವಿನ ಮೇಲೆ ಹೇರುವುದೂ ತಪ್ಪು. ಅದು ತಿನ್ನಬೇಡ, ಇದು ನೋಡಬೇಡ, ಬಿಸಿಲಿಗೆ ಹೋಗಬೇಡ, ಆಡಬೇಡ ಎಂದು ಬೇಲಿ ಕಟ್ಟಿದರೆ ನೋವು ಬರದ ದಿನಗಳೂ ನೋವಿನ ಭಯದಲ್ಲಿಯೇ ಕಳೆಯುತ್ತವೆ. ದಾಳಿಯ ಹಿಂದಿನ ದಿನ ಆಕಳಿಕೆ, ಸಿಡುಕು, ಸಿಹಿಯ ಮೇಲೆ ಅತಿಯಾದ ಆಸೆ ಕೆಲವರಲ್ಲಿ ಕಾಣುವುದು ಆ ದಾಳಿಯ ಮೊದಲ ಹೆಜ್ಜೆಯೇ ಆಗಿರಬಹುದು. ಚಾಕೊಲೇಟು ತಿಂದದ್ದರಿಂದಲೇ ಬಂದಿತೆಂದು ಗದರಿಸುವುದಕ್ಕೆ ಆಧಾರ ಸಾಲದು. ಊಟ, ನೀರು, ನಿದ್ದೆ, ಆಟ ಇವು ನಿಯತವಾಗಿರಲಿ. ಒಂದು ಪುಟ್ಟ ಪುಸ್ತಕದಲ್ಲಿ ನೋವು ಬಂದ ದಿನ, ಹೊತ್ತು, ತೆಗೆದುಕೊಂಡ ಮಾತ್ರೆ ಇಷ್ಟನ್ನು ಮಗುವೇ ಗುರುತು ಹಾಕಿಕೊಳ್ಳಲಿ. ಇದಕ್ಕಿಂತ ಹೆಚ್ಚಿನ ಕಟ್ಟುಪಾಡು ಬೇಡವೆಂಬುದೇ ನನ್ನ ಮತ.

ಔಷಧದ ವಿಷಯಕ್ಕೆ ಬಂದರೆ, ನಿರ್ಣಯ ವೈದ್ಯರದು. ಆದರೆ ಕಾಲವು ಶಾಲೆಯ ಕೈಯಲ್ಲಿದೆ. ನೋವು ಆರಂಭವಾದ ಕೂಡಲೆ ಕೊಟ್ಟ ಐಬುಪ್ರೊಫೆನ್ ಅಥವಾ ಪ್ಯಾರಾಸಿಟಮಾಲ್ ಮಾಡುವ ಕೆಲಸವನ್ನು, ಎರಡು ಗಂಟೆ ಕಳೆದು ವಾಂತಿ ಮೊದಲಾದ ಮೇಲೆ ಕೊಟ್ಟದ್ದು ಮಾಡಲಾರದು. ಹೊಟ್ಟೆಯೇ ಆಗ ಔಷಧವನ್ನು ಸರಿಯಾಗಿ ಒಳಗೆ ಬಿಡದು. ಸಾಮಾನ್ಯ ಮಾತ್ರೆಗಳಿಂದ ಗುಣ ಕಾಣದ ಹದಿಹರೆಯದವರಿಗೆ ಟ್ರಿಪ್ಟಾನ್ ವರ್ಗದ ಔಷಧಗಳನ್ನು ವೈದ್ಯರು ಕೊಡುವುದುಂಟು. ಮನೆಯಲ್ಲಿ ದೊಡ್ಡವರಿಗೆ ತಂದಿಟ್ಟ ಆಸ್ಪಿರಿನ್ನನ್ನು ಮಾತ್ರ ವೈದ್ಯರ ಅಪ್ಪಣೆಯಿಲ್ಲದೆ ಮಕ್ಕಳಿಗೆ ಕೊಡಲೇಬಾರದು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನಗಳಷ್ಟೋ ಅದಕ್ಕಿಂತ ಹೆಚ್ಚೋ ಕೆಲವು ತಿಂಗಳು ನುಂಗುತ್ತ ಬಂದರೆ ಆ ಮಾತ್ರೆಯೇ ತಲೆನೋವನ್ನು ಹುಟ್ಟಿಸುತ್ತದೆಂಬುದನ್ನೂ ತಂದೆತಾಯಿಗಳು ನೆನಪಿಡಬೇಕು.

ಶಾಲೆಯಲ್ಲಿ ಮಾತ್ರೆ ಕೊಡಲು ಉಪಾಧ್ಯಾಯರು ಹಿಂಜರಿಯುತ್ತಾರೆ. ಏನಾದರೂ ಹೆಚ್ಚುಕಮ್ಮಿಯಾದರೆ ಹೊಣೆ ಯಾರದೆಂಬ ಅವರ ಅಂಜಿಕೆ ನಿಷ್ಕಾರಣವಲ್ಲ. ಆದರೆ ಇದೇ ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆಯನ್ನೂ, ಕಾಲಕಾಲಕ್ಕೆ ಜಂತುಹುಳುವಿನ ಮಾತ್ರೆಯನ್ನೂ ಉಪಾಧ್ಯಾಯರ ಎದುರಿನಲ್ಲಿಯೇ ಮಕ್ಕಳು ನುಂಗುತ್ತಿದ್ದಾರಲ್ಲವೆ? ವೈದ್ಯರ ಚೀಟಿಯ ಪ್ರತಿ, ತಂದೆತಾಯಿಗಳ ಸಹಿಯುಳ್ಳ ಒಪ್ಪಿಗೆಪತ್ರ, ಮಗುವಿನ ಹೆಸರು ಬರೆದ ಮಾತ್ರೆಯ ಪೊಟ್ಟಣ, ಕೊಟ್ಟ ದಿನ ಮತ್ತು ಹೊತ್ತನ್ನು ಬರೆದಿಡುವ ಒಂದು ವಹಿ, ಇವಿಷ್ಟು ಮುಖ್ಯೋಪಾಧ್ಯಾಯರ ಬೀರುವಿನಲ್ಲಿದ್ದರೆ ಅಂಜಿಕೆಗೆ ಎಡೆಯಿರದು. ಇಲ್ಲದೆ ಹೋದರೆ ನಡೆಯುವುದೇನು? ತಂದೆಗೆ ಫೋನು ಹೋಗುತ್ತದೆ. ಅವನು ಕೂಲಿಯನ್ನು ಬಿಟ್ಟು ಬಂದು ಮಗಳನ್ನು ಕರೆದೊಯ್ಯುವಷ್ಟರಲ್ಲಿ ಔಷಧದ ಹೊತ್ತು ಮೀರಿರುತ್ತದೆ. ಮಗುವಿಗೆ ಅರ್ಧ ದಿನದ ಪಾಠವೂ ತಂದೆಗೆ ಅರ್ಧ ದಿನದ ಕೂಲಿಯೂ ಹೋಗುತ್ತವೆ.

ಮಾತ್ರೆಯೊಂದಿಗೆ ಬೇಕಾದದ್ದು ಬೆಳಕು ಕಡಿಮೆಯಿರುವ ಒಂದು ಸ್ಥಳ. ಇದಕ್ಕೆ ಬೇರೆ ಕಟ್ಟಡ ಬೇಡ. ಗ್ರಂಥಾಲಯದ ಕೋಣೆಯ ಒಂದು ಮೂಲೆ, ಎರಡು ಬೆಂಚನ್ನು ಜೋಡಿಸಿ ಹಾಸಿದ ಚಾಪೆ, ಕಿಟಕಿಗೊಂದು ಬಣ್ಣದ ಪರದೆ, ಒಂದು ಚೊಂಬು ನೀರು, ವಾಂತಿಗೊಂದು ಬೋಗುಣಿ, ಒದ್ದೆ ಬಟ್ಟೆ. ಅರ್ಧ ಗಂಟೆಯಿಂದ ಒಂದು ಗಂಟೆ ಮಲಗಿ ಎದ್ದ ಮಗುವು ಮರಳಿ ತರಗತಿಗೆ ಬರಬೇಕು. ಮನೆಗೆ ಕಳುಹಿಸುವುದೇ ಪರಿಪಾಠವಾಗಬಾರದು. ಪದೇ ಪದೇ ಮನೆಗೆ ಹೋದ ಮಗು ಪಾಠದಲ್ಲಿ ಹಿಂದೆ ಬಿದ್ದು, ಹಿಂದೆ ಬಿದ್ದ ಅಂಜಿಕೆಯಿಂದ ಶಾಲೆಯ ನೆನಪಿಗೇ ತಲೆನೋವು ಬರಿಸಿಕೊಳ್ಳುವ ವಿಷಚಕ್ರಕ್ಕೆ ಸಿಕ್ಕುತ್ತದೆ.

ಮನಸ್ಸಿನ ಪಾತ್ರವನ್ನು ಹೇಳಿದೊಡನೆ, ಹಾಗಾದರೆ ಇದು ಮನಸ್ಸಿನ ಕಲ್ಪನೆಯೇ ಎಂದು ಕೇಳುವವರುಂಟು. ಅಲ್ಲ. ಆದರೆ ಎರಡು ಪ್ರಯೋಗಗಳನ್ನು ಇಲ್ಲಿ ಸ್ಮರಿಸತಕ್ಕದ್ದು. 8ರಿಂದ 17 ವರ್ಷದ ಅಮೆರಿಕದ ಮಕ್ಕಳಲ್ಲಿ, ದಾಳಿಯನ್ನು ತಡೆಯಲೆಂದು ದಿನವೂ ಕೊಡುವ ಎರಡು ಔಷಧಗಳನ್ನು ಹುಸಿಮಾತ್ರೆಯೊಡನೆ ಹೋಲಿಸಿ ನೋಡಿದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಲೆನೋವಿನ ದಿನಗಳು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದ ಮಕ್ಕಳ ಪ್ರಮಾಣವು ಎರಡು ಔಷಧಗಳಲ್ಲಿ ನೂರಕ್ಕೆ 52 ಮತ್ತು 55 ಆಗಿದ್ದರೆ, ಹುಸಿಮಾತ್ರೆಯಲ್ಲಿ 61 ಆಗಿತ್ತು. ಅದಕ್ಕೆ ಮುಂಚೆ 2013ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಔಷಧದೊಡನೆ ಬರಿಯ ತಿಳಿವಳಿಕೆಯನ್ನು ಕೊಟ್ಟ ಮಕ್ಕಳಲ್ಲಿ ನೂರಕ್ಕೆ 36 ಮಂದಿಗೆ ಅಂಥ ಇಳಿತ ಕಂಡರೆ, ಅದೇ ಔಷಧದೊಡನೆ ನೋವನ್ನು ಎದುರಿಸುವ ಮಾನಸಿಕ ತರಬೇತಿಯನ್ನು ಪಡೆದವರಲ್ಲಿ 66 ಮಂದಿಗೆ ಕಂಡಿತು. ನಿಯತವಾದ ಭೇಟಿ, ಕೇಳಿಸಿಕೊಳ್ಳುವ ಕಿವಿ, ಗುಣವಾಗುತ್ತದೆಂಬ ಭರವಸೆ, ಉಸಿರಾಟದ ಮತ್ತು ಮೈ ಸಡಿಲಿಸುವ ಅಭ್ಯಾಸ, ಇವು ಬೆಳೆಯುವ ಮಿದುಳಿನ ಮೇಲೆ ಮಾಡುವ ಉಪಕಾರ ಅಲ್ಪವಲ್ಲವೆಂಬ ತಾತ್ಪರ್ಯವನ್ನೇ ನಾನು ಇವುಗಳಿಂದ ತೆಗೆಯುತ್ತೇನೆ. ಮಗುವಿಗೆ ದಿನದಲ್ಲಿ ಆರೇಳು ಗಂಟೆ ಎದುರಿಗಿರುವವರು ಉಪಾಧ್ಯಾಯರಾದುದರಿಂದ, ಆ ಉಪಕಾರದ ಬಹುಭಾಗ ಅವರಿಂದಲೇ ಸಾಧ್ಯ.

ಹಾಜರಿಯ ಪ್ರಶ್ನೆಯು ಬಾಕಿಯಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂಡಲು ನೂರಕ್ಕೆ 75 ಹಾಜರಿ ಬೇಕೆಂಬ ನಿಯಮವು ಈ ಮಕ್ಕಳ ತಲೆಯ ಮೇಲೆ ತೂಗಾಡುತ್ತಿರುತ್ತದೆ. ಆದರೆ ಹಾಜರಿ ಪುಸ್ತಕಕ್ಕೆ ಕಾಣದ ನಷ್ಟವೂ ಒಂದುಂಟು. ಅಮೆರಿಕದ ಸಿನ್ಸಿನಾಟಿಯ ವೈದ್ಯರು 2001ರಲ್ಲಿ ರೂಪಿಸಿದ ಆರು ಪ್ರಶ್ನೆಗಳ ಪಟ್ಟಿಯೊಂದು ಕಳೆದ ಮೂರು ತಿಂಗಳಲ್ಲಿ ಪೂರ್ತಿ ತಪ್ಪಿದ ಶಾಲಾದಿನಗಳೆಷ್ಟು, ಭಾಗಶಃ ತಪ್ಪಿದವೆಷ್ಟು ಎಂದು ಕೇಳಿದ ಮೇಲೆ, ಶಾಲೆಯಲ್ಲಿದ್ದೂ ಶಕ್ತಿಯ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡಿದ ದಿನಗಳೆಷ್ಟು ಎಂದೂ ಕೇಳುತ್ತದೆ. ಈ ಮೂರನೆಯ ಪ್ರಶ್ನೆಯನ್ನು ನಮ್ಮ ಯಾವ ಶಾಲೆಯೂ ಯಾವ ಮಗುವನ್ನೂ ಕೇಳಿದ್ದನ್ನು ನಾನು ಕಾಣೆ. ಹಾಜರಿ ಕೂಗಿದಾಗ ‘ಪ್ರೆಸೆಂಟ್ ಸಾರ್’ ಎಂದ ಮಗು ಆ ದಿನವೆಲ್ಲ ಪಾಠದಿಂದ ಗೈರುಹಾಜರಾಗಿರಬಹುದು.

ಅಮೆರಿಕದಲ್ಲಿ 1973ರ ಪುನರ್ವಸತಿ ಕಾಯಿದೆಯ 504ನೆಯ ಪ್ರಕರಣದ ಮೇರೆಗೆ, ಅರೆತಲೆನೋವಿನಿಂದ ತೀವ್ರವಾಗಿ ಬಳಲುವ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಕಾಲ, ಬೇರೆ ದಿನದಲ್ಲಿ ಪರೀಕ್ಷೆ, ನೀರಿನ ಬಾಟಲಿ, ಮಬ್ಬುಗನ್ನಡಕ ಮೊದಲಾದವನ್ನು ಶಾಲೆಯು ಬರವಣಿಗೆಯಲ್ಲಿ ಒಪ್ಪಿಕೊಡುವ ವ್ಯವಸ್ಥೆಯಿದೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಸ್ಥಿತಿಗಳನ್ನು ಎಣಿಸಿ, ದೀರ್ಘಕಾಲಿಕ ನರರೋಗಗಳನ್ನು ಅದರಲ್ಲಿ ಸೇರಿಸಿದೆಯಾದರೂ ಅರೆತಲೆನೋವನ್ನು ಹೆಸರಿಸಿಲ್ಲ. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ಪಟ್ಟಿಯಲ್ಲಿ ಅಪಸ್ಮಾರಕ್ಕೆ ಸ್ಥಾನವುಂಟು, ಇದಕ್ಕಿಲ್ಲ. ಆದರೆ 2020ರಿಂದ ಆಯುಷ್ಮಾನ್ ಭಾರತದ ಅಡಿಯಲ್ಲಿ ಶಾಲೆಗೆ ಇಬ್ಬರು ಉಪಾಧ್ಯಾಯರನ್ನು ಆರೋಗ್ಯ ರಾಯಭಾರಿಗಳೆಂದು ತರಬೇತುಗೊಳಿಸುವ ಯೋಜನೆಯಿದೆ, 2013ರಿಂದ ಕ್ಷೀರಭಾಗ್ಯದ ಹಾಲಿದೆ, ಬಿಸಿಯೂಟವಿದೆ. ಖಾಲಿ ಹೊಟ್ಟೆಯಲ್ಲಿ ಬಂದ ಮಗುವಿಗೆ ಬೆಳಗಿನ ಒಂದು ಲೋಟ ಹಾಲು ಔಷಧಕ್ಕೆ ಸಮಾನ. ಇರುವ ಈ ಸಾಧನಗಳಿಗೆ ಸ್ವಲ್ಪ ತಿಳಿವಳಿಕೆಯನ್ನು ಸೇರಿಸಿದರೆ ಸಾಕಾಗುವುದರಿಂದ, ಹೊಸ ಕಾನೂನು ಬರುವವರೆಗೆ ಕಾಯಬೇಕಾದದ್ದಿಲ್ಲ.

ಎಲ್ಲ ತಲೆನೋವೂ ಅರೆತಲೆನೋವಲ್ಲವೆಂಬ ಎಚ್ಚರಿಕೆಯನ್ನೂ ಇಲ್ಲಿ ಹೇಳಿಬಿಡಬೇಕು. ಹಿಂದೆಂದೂ ಇಲ್ಲದಷ್ಟು ತೀವ್ರವಾಗಿ ಥಟ್ಟನೆ ಬಂದದ್ದು, ಜ್ವರ ಮತ್ತು ಕತ್ತಿನ ಬಿಗಿತ ಜೊತೆಗೂಡಿದ್ದು, ನಿದ್ದೆಯಿಂದ ಎಬ್ಬಿಸುವಂಥದ್ದು, ಬೆಳಗ್ಗೆ ಎದ್ದೊಡನೆ ವಾಂತಿ ತರುವಂಥದ್ದು, ದಿನೇ ದಿನೇ ಏರುತ್ತಿರುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ಬಂದದ್ದು, ನಡಿಗೆ ತಡವರಿಸುವುದು, ಕೈಕಾಲು ಸೋಲುವುದು, ದೃಷ್ಟಿ ಎರಡಾಗುವುದು ಇವುಗಳಲ್ಲಿ ಒಂದು ಕಂಡರೂ ಕತ್ತಲ ಕೋಣೆಯಲ್ಲಿ ಮಲಗಿಸದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಹದಿಹರೆಯದ ಹುಡುಗಿಯರಿಗೆ ಮುಟ್ಟಿನ ದಿನಗಳ ಹಿಂದುಮುಂದು ನೋವು ಹೆಚ್ಚುವುದುಂಟು. ಆ ಮಾತನ್ನು ಗಂಡು ಉಪಾಧ್ಯಾಯರ ಮುಂದೆ ಆಡಲು ನಾಚಿ ಅವರು ಸುಮ್ಮನಿರುತ್ತಾರೆ. ಒಬ್ಬ ಉಪಾಧ್ಯಾಯಿನಿ, ಅವರಿಲ್ಲದ ಕಡೆ ಬಿಸಿಯೂಟದ ಅಕ್ಕ, ಈ ಹುಡುಗಿಯರಿಗೆ ಹೇಳಿಕೊಳ್ಳುವ ಆಸರೆಯಾಗಬೇಕು. ಸಹಪಾಠಿಗಳಿಗೂ ಒಂದು ದಿನ ವಿಜ್ಞಾನದ ಪಿರಿಯಡ್ಡಿನಲ್ಲಿ ನರಮಂಡಲದ ಪಾಠದ ನಡುವೆ ಇದನ್ನು ವಿವರಿಸಿದರೆ, ವಾಂತಿ ಮಾಡಿಕೊಂಡವಳನ್ನು ಕಂಡು ನಗುವ ಹುಡುಗರೇ ಅವಳಿಗೆ ನೋಟ್ಸು ಬರೆದುಕೊಡುವವರಾಗುತ್ತಾರೆ. ನನ್ನ ತರಗತಿಯಲ್ಲಿ ಹಾಗಾದದ್ದನ್ನು ನಾನು ಕಂಡಿದ್ದೇನೆ. ಎಂಟನೆಯ ತರಗತಿಯ ಆ ಹುಡುಗಿಗೆ ಉಳಿದೆರಡು ವರ್ಷ ಬೋರ್ಡಿಗೆ ಎದುರಾಗಿ, ಕಿಟಕಿಗೆ ದೂರವಾಗಿ ಜಾಗ ಕೊಟ್ಟೆವು; ಕಣ್ಣು ಮಂಜಾದೊಡನೆ ಕೈಯೆತ್ತಿ, ಕಾರಣ ಹೇಳದೆಯೇ ಹೊರಗೆ ಹೋಗಬಹುದೆಂಬ ಒಪ್ಪಂದ ಮಾಡಿಕೊಂಡೆವು. ಆ ಎರಡು ವರ್ಷದಲ್ಲಿ ಅವಳು ಆ ಸ್ವಾತಂತ್ರ್ಯವನ್ನು ಒಂದು ಬಾರಿಯೂ ದುರುಪಯೋಗಪಡಿಸಿಕೊಳ್ಳಲಿಲ್ಲ.

ಶಾಲೆಗಳು ಬೇಸಗೆಯ ರಜೆ ಮುಗಿದು ಮತ್ತೆ ತೆರೆಯುವಾಗ, ಮಗುವಿಗೆ ಈ ಬೇನೆಯಿರುವ ತಂದೆತಾಯಿಗಳು ಪಠ್ಯಪುಸ್ತಕಕ್ಕೆ ಹೊದಿಕೆ ಹಾಕುವುದಕ್ಕೆ ಮುಂಚೆಯೇ ಒಂದು ಹಾಳೆಯಲ್ಲಿ ನೋವು ಬರುವ ಬಗೆ, ಅದರ ಮುನ್ಸೂಚನೆ, ವೈದ್ಯರು ಹೇಳಿದ ಮಾತ್ರೆ, ತಮ್ಮ ಫೋನ್ ನಂಬರು ಇವನ್ನು ಬರೆದು ತರಗತಿಯ ಉಪಾಧ್ಯಾಯರ ಕೈಗೆ ಕೊಡಲಿ. ಮುಖ್ಯೋಪಾಧ್ಯಾಯರು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮೊದಲ ಸಭೆಯಲ್ಲಿಯೇ ಇದನ್ನು ಪ್ರಸ್ತಾಪಿಸಿ, ಒಂದು ಪರದೆ, ಒಂದು ಚಾಪೆ, ಒಂದು ವಹಿಯನ್ನು ತರಿಸಿಡಲಿ. ಉಪಾಧ್ಯಾಯ ಮಿತ್ರರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಬೋರ್ಡಿನ ಮೇಲೆ ಅರ್ಧ ಅಕ್ಷರ ಕಾಣುತ್ತಿಲ್ಲವೆಂದು ಮಗು ಎದ್ದು ನಿಂತರೆ, ಕಿಟಕಿಯನ್ನು ಮುಚ್ಚುವುದಕ್ಕೆ ಮೊದಲು ಅದರ ಹತ್ತಿರ ಹೋಗಿ, ತಲೆ ನೋಯುವುದಕ್ಕೆ ಶುರುವಾಗಿದೆಯೇನಮ್ಮ ಎಂದು ಕೇಳಿ.